ಹುರಿಯ ಕೆಳಗಿನ ಕಿರೀಟ

"ಕತ್ತರಿ ಬ್ಯಾಡ್ರಿ ಆಯಿ!" ಬಂದೂಕು ನೋಡಲು ಬೆಟಗೇರಿಯಿಂದ ಬಂದಿದ್ದ ನೇಕಾರ ಗವಿಸಿದ್ದೇಶ ಕೈ ಅಡ್ಡ ಹಿಡಿದ. ಬಂದೂಕಿನ ಹಿಡಿಗೆ ಬಿಗಿಯಾಗಿ ಸುತ್ತಿದ್ದ ನೂಲಿನ ಹುರಿಯನ್ನು ಕತ್ತರಿಸಿಯೇ ಬಿಡೋಣವೆಂದು ಫಕ್ಕೀರವ್ವ ಒಳಗಿನಿಂದ ಕತ್ತರಿ ತಂದಿದ್ದಳು. ಅದನ್ನು ಕಿಟಕಿಯಲ್ಲಿಟ್ಟು ಕುರ್ಚಿಯ ಮೇಲೆ ಕೂತಳು.

ಬೆಳ್ಳಟ್ಟಿಯ ಆ ಪಡಸಾಲೆಯಲ್ಲಿ ಬಂದೂಕು ಕಂಬಳಿಯ ಮೇಲಿತ್ತು. ನಳಿಗೆಗೆ ಸೀಸ ತುಂಬಿ ಮುಚ್ಚಿಸಿ ಎಷ್ಟೋ ವರ್ಷವಾಗಿತ್ತು. ಪೊಲೀಸ್ ಠಾಣೆಯ ಕಾಗದವೂ ಇತ್ತು. ಫಕ್ಕೀರವ್ವನ ಗಂಡ ಹನುಮಪ್ಪನ ಮುತ್ತಜ್ಜ ಇದನ್ನು ಹೆಗಲಿಗೇರಿಸಿ ಕಂಪನಿ ಸರಕಾರದ ಮೇಲೆ ಕಾದಾಡಲು ಮುಂಡರಗಿಯ ಬಂಡಾಯಗಾರರ ಕಡೆ ಹೋಗಿದ್ದನಂತೆ. ಊರವರು ಮಾತ್ರ ನಾಟಕದ ಬಂದೂಕು ಎಂದೇ ಆಡಿಕೊಳ್ಳುತ್ತಿದ್ದರು. ಹನುಮಪ್ಪ ಸಾಯುವವರೆಗೂ ಆ ನಗೆಯನ್ನು ನುಂಗಿಕೊಂಡು, ಪ್ರತಿ ದಸರೆಯ ಖಂಡೇಪೂಜೆಗೆ ಹುಣಸೆಹಣ್ಣು, ಬೂದಿ ಹಚ್ಚಿ ಅದನ್ನು ತಿಕ್ಕಿ ಬೆಳಗಿದ್ದ.

ಆ ಭಕ್ತಿಯೇ ಈಗ ಗವಿಸಿದ್ದೇಶನ ಹೊಟ್ಟೆ ಉರಿಸುತ್ತಿತ್ತು. ಹಳೆಯ ಫೌಜಿನ ಬಂದೂಕು ಕೂಡಿಸುವ ಹುಚ್ಚು ಅವನಿಗೆ ಹಿಡಿದು ಆರೇ ತಿಂಗಳು. ಮನೆಯಲ್ಲಿ ಇನ್ನೂ ಒಂದೂ ಇರಲಿಲ್ಲ. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತೇ, ಬಂದೂಕಿನ ಮೇಲೆ ಕಾರ್ಖಾನೆಯವರು ಒತ್ತುವ ಮುದ್ರೆಗಳನ್ನೆಲ್ಲ ಬಾಯಿಪಾಠ ಮಾಡಿದ್ದ. ಇಲ್ಲಿ ನೋಡಿದರೆ ಹನುಮಪ್ಪ ತಿಕ್ಕಿದ ಕಬ್ಬಿಣ ತಂಬಿಗೆಯ ಹಾಗೆ ನುಣ್ಣಗಾಗಿ, ಒಂದು ಅಕ್ಷರವೂ ಉಳಿದಿರಲಿಲ್ಲ. ಇನ್ನು ಆಸೆ ಹುರಿಯ ಕೆಳಗಿನ ಮರದ್ದೇ. ಅಸಲಿಯಾದರೆ ಅಲ್ಲಿ ಕಾರ್ಖಾನೆಯ ತಪಾಸಣೆಗಾರ ಒತ್ತಿದ ಸಣ್ಣ ಕಿರೀಟದ ಮುದ್ರೆ ಇರಬೇಕಿತ್ತು.

"ನಾಟಕದ್ದಾದ್ರ ನೀನ ಒಯ್ಯಿ ತಮ್ಮಾ, ರೊಕ್ಕಾನೂ ಬ್ಯಾಡ," ಎಂದಳು ಫಕ್ಕೀರವ್ವ. "ಖರೇದಾದ್ರ ಮನಿ ಬಿಟ್ಟು ಹೋಗೂದಿಲ್ಲ. ಇದ್ದದ್ದು ಇದ್ದಂಗ ಹೇಳು."

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಉಡಚಪ್ಪ ನಕ್ಕ. "ಒಯ್ದ ಬಿಡಪಾ. ಬೆಟಗೇರ್ಯಾಗ ಪಾರ್ಟ್ ಮಾಡಾಕ ಬರ್ತೈತಿ."

ಗವಿಸಿದ್ದೇಶ ನೂಲು ಎಣಿಸುವ ಭೂತಗನ್ನಡಿ ತೆಗೆದು ಹುರಿಯ ತುದಿ ಹುಡುಕಿದ. ಗಂಟು ಸಿಕ್ಕಿತು. ಚಪ್ಪಟೆಯಾದ ಪುಟ್ಟ ಗಂಟು. ಮಗ್ಗದ ಹಾಸಿನ ಎಳೆ ಹರಿದಾಗ, ಹಣಿಗೆಯ ಹಲ್ಲುಗಳಲ್ಲಿ ಸಿಕ್ಕಿಕೊಳ್ಳದಂತೆ ನೇಕಾರರು ಹಾಕುವ ಗಂಟು. ಅವನೇ ದಿನಕ್ಕೆ ಇಪ್ಪತ್ತು ಸಲ ಹಾಕುತ್ತಿದ್ದ. ಯಾವ ಕಾಲದಲ್ಲೋ ಯಾವನೋ ನೇಕಾರ ಸೀಳು ಬಿಟ್ಟ ಬಂದೂಕಿನ ಹಿಡಿಯನ್ನು ಹರಿದ ಎಳೆಯಂತೆ ಕೂಡಿಸಿ ಕೊಟ್ಟಿದ್ದ. ಗವಿಸಿದ್ದೇಶ ಓದಿದ ಯಾವ ಪುಸ್ತಕದಲ್ಲೂ ಇಂಥದ್ದು ಇರಲಿಲ್ಲ.

ನೀರು ಹಚ್ಚಿ, ಉಗುರಿನಿಂದ ಹೊರಳಿಸಿದ. ಗಂಟು ಬಿಟ್ಟುಕೊಂಡಿತು. ಸುತ್ತು ಸುತ್ತಾಗಿ ಹುರಿ ಬಿಚ್ಚಿದಂತೆ ಬೂದಿ ಕಾಣದ, ಹುಣಸೆ ತಾಗದ ಮರ ಹೊರಬಂತು. ಅದರಲ್ಲಿ ನಿನ್ನೆ ಒತ್ತಿದಂತೆ ಕಿರೀಟ, ಕೆಳಗೆ ಅಂಕಿ. ಗವಿಸಿದ್ದೇಶ ಭೂತಗನ್ನಡಿಯನ್ನು ಅದರ ಮೇಲೆಯೇ ಹಿಡಿದ.

ಆ ಗುರುತು ಅವನ ಹೊರತು ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ನಾಟಕದ್ದು ಎಂದು ಒಂದು ಮಾತು ಹೇಳಿದರೆ ಸಂಜೆಗೆ ಬಂದೂಕು ಅವನ ಮನೆಯ ಗೋಡೆಯ ಮೇಲಿರುತ್ತಿತ್ತು. ಅದು ಬೇಕು ಎಂದು ಜೀವ ಬಡಿದುಕೊಂಡಿತು. ಬಿಚ್ಚಿದ ಹುರಿಯನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ.

"ಖರೇದೈತ್ರಿ ಆಯಿ," ಎಂದ ಕೊನೆಗೆ. "ಫೌಜಿಂದ. ಆದ್ರ ನಿಮ್ಮ ಮನಿ ಮುತ್ತಜ್ಜ ಎಲ್ಲಿ ಹೋಗಿದ್ದ ಅನ್ನೂದನ್ನ ಇದು ಹೇಳೂದಿಲ್ರಿ."

"ಅದು ನಮಗ ಗೊತ್ತೈತಿ ಬಿಡು," ಎಂದಳು ಫಕ್ಕೀರವ್ವ.

ಗವಿಸಿದ್ದೇಶ ಹುರಿಯನ್ನು ಹಳೆಯ ಜಾಡಿನಲ್ಲೇ ಸುತ್ತತೊಡಗಿದ. ಫಕ್ಕೀರವ್ವ ಕುರ್ಚಿಯಿಂದ ಇಳಿದು, ತಲೆಯ ಮೇಲೆ ಸೆರಗು ಹೊದ್ದು, ಕಂಬಳಿಯ ಅಂಚಿಗೆ ನೆಲದ ಮೇಲೆ ಕೂತಳು. ಉಡಚಪ್ಪ ಚಪ್ಪಲಿಯನ್ನು ಹೊಸ್ತಿಲ ಆಚೆ ಬಿಟ್ಟು ಮೆಲ್ಲಗೆ ಒಳಗೆ ಬಂದ.