ಸೊಸೆಯ ಪೀಪಾಯಿ

"ಇದೊಂದು ಬಿಟ್ಟು ಯಾವುದಾದ್ರೂ ತೆಗೀರಿ," ಎಂದು ಎಡ್ವಿಜ್ ಪೀಪಾಯಿಗೆ ಬೆನ್ನು ಒತ್ತಿ ನಿಂತುಬಿಟ್ಟಳು.

ಸುತ್ತಿಗೆ, ನಲ್ಲಿ ಹಿಡಿದು ನೆಲಮಾಳಿಗೆಗೆ ಇಳಿದಿದ್ದ ಗಂಡ ಲುದೊವಿಕ್ ಕಕ್ಕಾಬಿಕ್ಕಿಯಾದ. ಬೆಳಿಗ್ಗೆಯಷ್ಟೇ ಅಪ್ಪನನ್ನು ಮಣ್ಣು ಮಾಡಿ ಬಂದಿದ್ದರು. ಮೇಲೆ ಅಂಗಳದಲ್ಲಿ ಊರಿಗೆ ಊರೇ ಊಟಕ್ಕೆ ಕೂತಿತ್ತು. ಪೀಪಾಯಿಯ ಮೇಲೆ ಮುದುಕ ಫಿಲಿಬೆರ್ ಕೈಯಾರೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ: 'ನನ್ನನ್ನು ಮಣ್ಣು ಮಾಡಿದ ದಿನಕ್ಕೆ.'

"ಅಪ್ಪನೇ ಬರೆದಿದ್ದಾರಲ್ಲೇ. ನಿಂಗೇನಾಯ್ತು ಈಗ?" ಎಂದ ಲುದೊವಿಕ್. ರೈಲ್ವೆಯಲ್ಲಿ ಕೆಲಸ ಮಾಡುವ ಅವನಿಗೆ ನೆಲಮಾಳಿಗೆಯ ವ್ಯವಹಾರ ಅಷ್ಟಕ್ಕಷ್ಟೆ.

"ಬೇಡ ಅಂದ್ರೆ ಬೇಡ."

ಹಿಂದೆಯೇ ಇಳಿದು ಬಂದ ಪಕ್ಕದ ಮನೆಯ ಗಾಸ್ಪಾರ್, ಫಿಲಿಬೆರನ ಐವತ್ತು ವರ್ಷದ ಗೆಳೆಯ, ಖಾಲಿ ಲೋಟ ಆಡಿಸುತ್ತ ಗೊಣಗಿದ. "ಸಾಯೋ ಹೊತ್ತಿಗೆ ಅವನಿಗೆ ತಲೆ ಕೆಟ್ಟಿತ್ತು ಬಿಡಿ. ಹಳದಿ ವೈನ್ ಜೊತೆ ಹೊಳೆಮೀನು ಮಾಡ್ಸಿ ಅಂದಿದ್ದಾನಂತೆ, ಮೀನು! ಅಣಬೆ ಹಾಕಿದ ಕೋಳಿ ಇಲ್ಲ, ಹಳೇ ಚೀಸ್ ಇಲ್ಲ, ಒಂದು ಅಕ್ರೋಟು ಇಲ್ಲ. ನನ್ನ ಸಾವಿಗೆ ಹಿಂಗೆ ಊಟ ಹಾಕಿದ್ರೆ ಎದ್ದು ಬಂದು ಜಗಳ ಆಡ್ತೀನಿ."

ಎಡ್ವಿಜ್‌ಗೆ ನಗು ಬರಲಿಲ್ಲ. ಆ ಪೀಪಾಯಿ ಕೆಟ್ಟಿದೆ ಎಂದು ಅವಳಿಗೆ ಗೊತ್ತಿತ್ತು. ಕೆಡಿಸಿದವಳೇ ಅವಳು. ಇಡೀ ಊರಿನ ಮುಂದೆ ಸತ್ತ ಮಾವನ ಮರ್ಯಾದೆ ಇನ್ನೈದು ನಿಮಿಷದಲ್ಲಿ ಹೋಗುವುದರಲ್ಲಿತ್ತು.

* * *

ಏಳು ವರ್ಷದ ಹಿಂದೆ, ಅವಳು ಪಕ್ಕದ ಸೀಮೆ ಬರ್ಗಂಡಿಯಿಂದ ಮದುವೆಯಾಗಿ ಬಂದ ಹೊಸತು. ಅವಳ ತವರಿನಲ್ಲಿ ಪೀಪಾಯಿಯ ವೈನ್ ಒಂದು ಬೆರಳು ಇಳಿದರೂ ಕೂಡಲೇ ತುಂಬಿಸಬೇಕು, ಗಾಳಿ ತಾಗಬಾರದು. ತುಂಬಿಸದೆ ಬಿಟ್ಟವರು ಸೋಮಾರಿಗಳು. ಒಂದು ಬೆಳಿಗ್ಗೆ ಮಾವನ ನೆಲಮಾಳಿಗೆಯಲ್ಲಿ ನಾಲ್ಕು ಬೆರಳು ಇಳಿದ ಪೀಪಾಯಿ ಕಂಡಳು. ಒಳಗೆ ಬೂದು ಬಣ್ಣದ ಕೆನೆ ಬೇರೆ. ಅಯ್ಯೋ ಪಾಪ, ವಯಸ್ಸಾದವರು, ಮರೆತಿದ್ದಾರೆ ಎಂದುಕೊಂಡು ಜಗ್ಗುಗಟ್ಟಲೆ ವೈನ್ ಸುರಿದು ತುಂಬಿಸಿ, ಹಾಡು ಗುನುಗುತ್ತ ಮೇಲೆ ಬಂದಳು.

ಮಧ್ಯಾಹ್ನ ಊಟದ ಹೊತ್ತಿಗೆ ಮಾವ ತಾನಾಗಿಯೇ ಶುರು ಮಾಡಿದ. "ನಮ್ಮ ಹಳದಿ ವೈನ್ ಪೀಪಾಯಿ ಮುಟ್ಟೋ ಹಾಗೇ ಇಲ್ಲ ಕಣಮ್ಮ. ಆರು ವರ್ಷ ಮೂರು ತಿಂಗಳು! ಇಳಿದಷ್ಟು ಇಳೀಲಿ ಅಂತ ಬಿಟ್ಬಿಡೋದು. ಮೇಲೊಂದು ಕೆನೆಯಂಥ ಮುಸುಕು ಕಟ್ಟುತ್ತೆ. ಅಕ್ರೋಟಿನ ಘಮ ಬರೋದೇ ಅದರಿಂದ. ಮುಸುಕು ಕದಡಿದ್ರೆ ಅದರ ಕತೆ ಅಷ್ಟೇ."

ಎಡ್ವಿಜ್‌ಗೆ ಬೆಳಿಗ್ಗೆ ಸುರಿದ ಜಗ್ಗುಗಳು ನೆನಪಾದವು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಏಳು ವರ್ಷ ಕಳೆದಳು. ಆ ಮೂಲೆಗೆ ಮತ್ತೆ ಕಾಲಿಡಲಿಲ್ಲ. ಮಾವನೋ, ಇಪ್ಪತ್ತು ಪೀಪಾಯಿಗಳಲ್ಲಿ ಅದೊಂದನ್ನೇ ಆರಿಸಿಟ್ಟು ಹೋಗಿಬಿಟ್ಟಿದ್ದ.

* * *

"ವೈನ್ ತರೋಕೆ ಹೋದೋರೆಲ್ಲ ಎಲ್ಲಿ ಸತ್ರಿ?" ಎನ್ನುತ್ತ ಅತ್ತೆ ಜಿಲ್ಬೆರ್ತ್ ಮೆಟ್ಟಿಲಿಳಿದು ಬಂದಳು.

ಎಡ್ವಿಜ್‌ಗೆ ತಡೆಯಲಾಗಲಿಲ್ಲ. "ಅತ್ತೆ, ನಾನು ಇದನ್ನ ಹಾಳು ಮಾಡ್ದೆ. ಬಂದ ವರ್ಷಾನೇ. ಗೊತ್ತಿಲ್ದೆ ತುಂಬಿಸ್ಬಿಟ್ಟೆ."

"ತುಂಬಿಸಿದ್ಯಾ? ಹಳದಿ ವೈನ್ ಪೀಪಾಯೀನ?" ಗಾಸ್ಪಾರ್ ಎದೆ ಹಿಡಿದುಕೊಂಡ. "ದೇವರೇ! ಬರ್ಗಂಡಿ ಹೆಣ್ಣು ತರಬೇಡ್ವೋ ಅಂತ ಬಡ್ಕೊಂಡಿದ್ದೆ!"

ಜಿಲ್ಬೆರ್ತ್ ಮಾತ್ರ ಪೀಪಾಯಿಯನ್ನೇ ನೋಡುತ್ತ ನಿಂತಳು. "ಓಹೋ, ಇದೇನಾ ಅದು? ನಿಮ್ಮಾವ ವಾರಕ್ಕೊಂದು ಸಲ ವೈನ್ ಜಗ್ಗು ಹಿಡ್ಕೊಂಡು ಇಳೀತಿದ್ರು. ಎಲ್ಲಿಗೆ ಅಂದ್ರೆ, 'ಸೊಸೆ ಪೀಪಾಯಿಗೆ ಬಾಯಾರಿದೆ' ಅನ್ನೋರು. ಮಂಡಿ ಹೋದ ಮೇಲೂ ಕುಂಟ್ಕೊಂಡೇ ಇಳಿದ್ರು. ಮುದುಕನ ಹುಚ್ಚು ಅಂತ ನಾನು ಸುಮ್ನಿದ್ದೆ."

ಎಡ್ವಿಜ್ ಪೀಪಾಯಿಯಿಂದ ಸರಿದಳು. ಲುದೊವಿಕ್ ಪೀಪಾಯಿಗೆ ನಲ್ಲಿ ಬಡಿದ. ಲೋಟಕ್ಕಿಳಿದ ವೈನ್ ಎಳೆಬಿಸಿಲಿನ ಬಣ್ಣಕ್ಕಿತ್ತು.

ಗಾಸ್ಪಾರ್ ಲೋಟದೊಳಗೆ ಮೂಗು ಇಳಿಸಿದ. "ಅಕ್ರೋಟು ಇಲ್ಲ." ಒಂದು ಗುಟುಕು ಕುಡಿದ. "ನಿಂಬೆ. ಹಸಿರು ಸೇಬು. ಕೊನೇಲಿ ಒಂಚೂರು ಉಪ್ಪು. ಇದು ಹಳದಿ ವೈನೇ ಅಲ್ಲ." ಇನ್ನೊಂದು ಗುಟುಕಿಗೆ ಅವನ ಕಣ್ಣು ಅರಳಿತು. "ಥೂ ಕಳ್ಳ ಮುದುಕ! ಇವಳ ತವರಿನ ಹಾಗೆ ಇಷ್ಟು ವರ್ಷ ತುಂಬಿಸ್ತಾನೇ ಬಂದಿದ್ದಾನೆ! ಜಿಲ್ಬೆರ್ತ್, ಎಲ್ಲಿ ಆ ಮೀನು?"

ಅವನು ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತುತ್ತ ಓಡಿದ.

"ಗೊತ್ತಿದ್ದೂ ಮಾವ ನನ್ನ ಒಂದು ಮಾತು ಕೇಳ್ಲಿಲ್ವಲ್ಲ ಅತ್ತೆ," ಎಂದಳು ಎಡ್ವಿಜ್.

"ಅವಳಾಗೇ ಹೇಳ್ಲಿ ಅಂತ ಅವರು, ಅವರು ಕೇಳ್ಲಿ ಅಂತ ನೀನು. ಎರಡೂ ಕತ್ತೆಗಳೇ. ನಡಿ ಮೇಲೆ."

ಅಂಗಳದಲ್ಲಿ ಬೆಣ್ಣೆಯಲ್ಲಿ ಕರಿದ ಮೀನಿನ ವಾಸನೆ ತುಂಬಿತ್ತು. ಒಂದು ತುತ್ತು ಮೀನು, ಒಂದು ಗುಟುಕು ವೈನ್. ಬೆಣ್ಣೆಯ ಜಿಡ್ಡು ನಾಲಿಗೆಯಿಂದ ಹಾಗೇ ಕರಗಿ, ಮತ್ತೊಂದು ತುತ್ತಿಗೆ ಬಾಯಿ ತೆರೆಯುತ್ತಿತ್ತು. ಸಾವಿನ ಮನೆ ಎಂಬುದನ್ನು ಮರೆತು ಜನ ಗಲಗಲ ನಕ್ಕರು, ನೆನಪಾಗಿ ಸುಮ್ಮನಾದರು, ಮತ್ತೆ ನಕ್ಕರು. "ಬರ್ಗಂಡಿ ನೀರು" ಎಂದು ಬೈಯುತ್ತಲೇ ಗಾಸ್ಪಾರ್ ನಾಲ್ಕನೇ ಮೀನಿಗೆ ಕೈ ಹಾಕಿದ.

ಮೇಜಿನ ತುದಿಯಲ್ಲಿ ಜಿಲ್ಬೆರ್ತ್ ತನ್ನ ಪಾಲಿನ ಮೀನಿನ ಮುಳ್ಳು ಒಂದೊಂದಾಗಿ ಬಿಡಿಸಿ, ಬೆಳ್ಳನೆಯ ತಿರುಳನ್ನೆಲ್ಲ ಸೊಸೆಯ ತಟ್ಟೆಗೆ ಹಾಕುತ್ತಿದ್ದಳು. ಎರಡು ದಿನದಿಂದ ಏನೂ ತಿಂದಿರದ ಎಡ್ವಿಜ್ ಅಳುತ್ತ, ನಗುತ್ತ, ಬೆರಳು ನೆಕ್ಕುತ್ತ ತಿನ್ನುತ್ತಿದ್ದಳು.