ಗುವಾಯದ ಆವಿ

ನಮ್ಮ ಡೆಂಬಿಯಾ ಬಯಲಿನಲ್ಲಿ ಗುವಾಯ ಕುದಿಯುವ ಹೊತ್ತಿಗೆ ಗಂಡಸರು ಯಾರೂ ಮನೆಯೊಳಗೆ ಇರುವುದಿಲ್ಲ. ಆ ಕಾಳಿನ ಆವಿ ಮೊಣಕಾಲಿಗೆ ತಾಗಿದರೆ ಕಾಲು ಸೆಟೆದುಕೊಳ್ಳುತ್ತದೆ ಎಂದು ಅಜ್ಜಂದಿರ ಕಾಲದಿಂದ ನಂಬಿಕೆ. ಹಾಗಾಗಿ ಫಾಸಿಕ ಹಬ್ಬಕ್ಕೆ ಮುಗಿಯುವ ದೊಡ್ಡ ಉಪವಾಸದ ಐವತ್ತೈದು ದಿನವೂ ಮಧ್ಯಾಹ್ನ ಓಣಿಯ ಗಂಡಸರೆಲ್ಲ ಬೇಲಿಗೆ ಒರಗಿ, ಗಾಬಿ ಶಾಲನ್ನು ಸೊಂಟದಿಂದ ಕೆಳಕ್ಕೆ ಬಾಣಂತಿಯರ ಹಾಗೆ ಬಿಗಿದುಕೊಂಡು, ಒಳಗಿನ ಕರೆಗೆ ಕಾಯುತ್ತಾರೆ. ಆವಿ ಆರಿದ ಮೇಲೆ ಒಳಗೆ ಹೋಗಿ ಅದೇ ಕಾಳನ್ನು ಹೊಟ್ಟೆ ತುಂಬ ತಿನ್ನುತ್ತಾರೆ.

ಬೇರೆ ವರ್ಷ ಕಡಲೆ, ಮಸೂರ, ಬಟಾಣಿ, ಗುವಾಯ ಎಂದು ನಾಲ್ಕು ಬಗೆ ಇರುತ್ತಿತ್ತು. ಆ ವರ್ಷ ಕಡಲೆಯನ್ನು ಕಾಯಿಕೊರಕ ಹುಳು ಮುಗಿಸಿತು, ಉಳಿದದ್ದು ಗದ್ದೆಯಲ್ಲಿ ನೀರು ನಿಂತು ಕೊಳೆಯಿತು. ಯಾವುದಕ್ಕೂ ಜಗ್ಗದೆ ನಿಂತದ್ದು ಗುವಾಯ ಒಂದೇ. ಸಂತೆಯಲ್ಲೂ ಅದೇ. ಉಪವಾಸದಲ್ಲಿ ಹಾಲು, ಬೆಣ್ಣೆ, ಮೊಟ್ಟೆ, ಮಾಂಸ ಯಾವುದೂ ಇಲ್ಲ. ಮೈಗೆ ಬಲ ಬರಬೇಕಾದರೆ ಕಾಳಿನಿಂದಲೇ ಬರಬೇಕು.

ನನ್ನ ಅಣ್ಣ ಅಡ್ಮಾಸುಗೆ ಬಲ ಬೇಕಿತ್ತು. ಅವನು ಉಳುವವನು, ನಾನು ಶಾಲೆಯಲ್ಲಿ ವಿಜ್ಞಾನ ಹೇಳುವವನು. ಮನೆ ನಿಂತಿದ್ದದ್ದು ಅವನ ಎರಡು ಕಾಲಿನ ಮೇಲೆ. ನನ್ನ ನಾಲಿಗೆಯ ಮೇಲೆ ಒಂದು ಕೋಳಿಗೂಡೂ ನಿಲ್ಲುತ್ತಿರಲಿಲ್ಲ.

ಉಪವಾಸದ ನಾಲ್ಕನೇ ವಾರ ಅಣ್ಣ ಚರ್ಚಿನಿಂದ ಬರುವಾಗ ತುದಿಗಾಲಿನಲ್ಲಿ ನಡೆಯುತ್ತಿದ್ದ.

"ಏನಣ್ಣ, ಕಳ್ಳಹೆಜ್ಜೆ? ಅತ್ತಿಗೆ ಮಡಕೆಗೆ ಕನ್ನ ಹಾಕೋ ಯೋಚನೆನಾ?"

"ಮೀನಖಂಡ ಹಿಡ್ಕೊಂಡಿದೆ ಕಣೋ ಗೆಡಾಮು. ಸುಸ್ತು ಅಷ್ಟೆ."

ನಾನು ಅವನ ಮುಂದೆ ಮುಂದೆ ಅವನ ಹಾಗೆಯೇ ನಡೆದು ತೋರಿಸಿದೆ. ಅವನು ನಕ್ಕ. ಸಾಕೆಂದು ನಾನು ಅಣಕ ನಿಲ್ಲಿಸಿ ಹಿಮ್ಮಡಿ ಊರಿದೆ. ಅವನು ಊರಲಿಲ್ಲ. ನನ್ನ ಹಿಮ್ಮಡಿಯನ್ನೇ ನೋಡುತ್ತ ನಿಂತ.

ನನ್ನ ತರಬೇತಿ ಕಾಲೇಜಿನ ಹಳೆಯ ಪುಸ್ತಕವೊಂದರಲ್ಲಿ ಗುವಾಯದ ಬಗ್ಗೆ ಅರ್ಧ ಪುಟ ಇತ್ತು. ಹುಡುಕಿ ಓದಿದೆ. ಆವಿಯದು ಏನೂ ತಪ್ಪಿಲ್ಲ, ವಿಷ ಇರುವುದು ಕಾಳಿನಲ್ಲೇ. ದಿನಾ ಅದನ್ನೇ ತಿಂದರೆ ಕಾಲು ಹೋಗುತ್ತದೆ, ಅದರಲ್ಲೂ ಗಂಡಸರದು. ಹೋದದ್ದು ಬರುವುದಿಲ್ಲ. ತಿನ್ನುವುದು ನಿಲ್ಲಿಸಿದರೆ ಅಷ್ಟಕ್ಕೇ ನಿಂತೀತು.

ಅತ್ತಿಗೆ ಯಶಾರೆಗ್‌ಗೆ ಹೇಳಿದೆ. ಆಕೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ಇವತ್ತು ಯಾರ ಅಣಕ ಇದು? ಡಾಕ್ಟರದಾ?"

"ಅಣಕ ಅಲ್ಲ ಅತ್ತಿಗೆ. ಕಾಳು ನಿಲ್ಲಿಸು."

"ನಿಲ್ಲಿಸಿ ಏನ್ ಹಾಕ್ಲಿ? ಬರೀ ಇಂಜೆರಾನಾ? ನೇಗಿಲು ಹಿಡಿಯೋ ಗಂಡಸಿಗೆ ಹುಳಿರೊಟ್ಟಿ ಕೊಟ್ಟು ಕಳಿಸಿದ್ರೆ ಊರು ನನ್ನ ಮುಖಕ್ಕೆ ಉಗಿಯಲ್ವಾ?"

"ಹಂಗಾದ್ರೆ ನೆನೆಹಾಕು. ಕುದಿಸಿ ನೀರು ಚೆಲ್ಲು. ಮತ್ತೆ ಹೊಸ ನೀರು ಹಾಕು. ವಿಷ ಕಮ್ಮಿ ಆಗುತ್ತೆ."

"ಸತ್ವ ಎಲ್ಲಾ ನೀರಲ್ಲೇ ಇರೋದು ಮೇಷ್ಟ್ರೇ. ಅದನ್ನ ಚೆಲ್ಲಿ ನನ್ನ ಗಂಡನಿಗೆ ಸಿಪ್ಪೆ ತಿನ್ನಿಸ್ಲಾ?"

ನನ್ನ ಬೇಳೆ ಅಲ್ಲಿ ಬೇಯಲಿಲ್ಲ. ಬೆಂದದ್ದು ಅವಳದೇ. ಅಣ್ಣನಿಗೆ ಸುಸ್ತೆಂದು ಅಂದಿನಿಂದ ಗುವಾಯ ಹಿಟ್ಟಿನ ಸಾರು ಶಿರೋ ಗಟ್ಟಿಯಾಯಿತು, ಬಡಿಸುವ ಸೌಟು ಒಂದರಿಂದ ಎರಡಾಯಿತು. ಕೊನೆಯಲ್ಲಿ ದೊಡ್ಡ ತುತ್ತು ಮಾಡಿ ತನ್ನ ಕೈಯಾರೆ ಅವನ ಬಾಯಿಗೆ ಇಡುತ್ತಿದ್ದಳು. ಪ್ರೀತಿಯಿಂದ ಇಟ್ಟ ತುತ್ತಿಗೆ ನಮ್ಮಲ್ಲಿ ಯಾರೂ ಬಾಯಿ ಮುಚ್ಚುವುದಿಲ್ಲ.

ಒಂದು ವಾರದಲ್ಲಿ ಅಣ್ಣನಿಗೆ ಕೋಲು ಬಂತು. ಇನ್ನು ನನಗೆ ತಡೆಯಲಾಗಲಿಲ್ಲ. ಅತ್ತಿಗೆ ತೊರೆಗೆ ನೀರಿಗೆ ಹೋಗಿದ್ದಾಗ ಒಲೆಯ ಮೇಲಿನ ಮಡಕೆಯನ್ನು ಬಟ್ಟೆಯಲ್ಲಿ ಹಿಡಿದು ಅಂಗಳಕ್ಕೆ ತಂದೆ. ಕುದಿನೀರನ್ನು ಬಾಗಿಲ ಪಕ್ಕದ ಕಲ್ಲಿನ ಮೇಲೆ ಬಸಿದೆ. ತಂಪು ಗಾಳಿಗೆ ಬಿಳಿ ಆವಿ ಎದೆಯೆತ್ತರ ಎದ್ದಿತು.

ಅದೇ ಹೊತ್ತಿಗೆ ಅಣ್ಣ ಬೇಲಿ ದಾಟಿ ಬಂದ. ಶಾಲು ಹೆಗಲ ಮೇಲಿತ್ತು, ಕಾಲು ಬರಿದಾಗಿತ್ತು. ಆವಿ ಅವನನ್ನು ಸೊಂಟದವರೆಗೆ ಸುತ್ತಿತು. ಓಣಿಯ ಗಂಡಸರು ಬೇಲಿಯಿಂದ ನೋಡಿದರು. ಒಬ್ಬೊಬ್ಬರೂ ತಮ್ಮ ಶಾಲನ್ನು ಇನ್ನಷ್ಟು ಬಿಗಿದುಕೊಂಡರು.

ಮರುದಿನ ಬೆಳಿಗ್ಗೆ ಅಣ್ಣ ಹಾಸಿಗೆಯಿಂದ ಏಳಹೊರಟಾಗ ಮೊಣಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಕೂತವು. ಇಬ್ಬರು ಹಿಡಿದು ಬಿಡಿಸಿ ನಿಲ್ಲಿಸಬೇಕಾಯಿತು.

ಅತ್ತಿಗೆ ಅಳಲಿಲ್ಲ. ಅವನ ಕಾಲಿಗೆ ನೂಗ್ ಎಣ್ಣೆ ತಿಕ್ಕುತ್ತ, ನನ್ನ ಕಡೆ ನೋಡದೆ ಹೇಳಿದಳು. "ಇಷ್ಟು ವರ್ಷ ಈ ಕಾಲಿಗೆ ಆವಿ ತಾಗ್ದಂಗೆ ಕಾಪಾಡಿದ್ದೆ. ನೀನು ಬಾಗಿಲಲ್ಲೇ ತಂದು ಸುರಿದೆ."

"ಅತ್ತಿಗೆ, ಅದು ಆವಿಯಿಂದ ಅಲ್ಲ..."

"ಅಡಿಗೆಮನೆ ಹೊಸ್ತಿಲು ತುಳೀಬೇಡ ಗೆಡಾಮು. ಇನ್ನು ಮಡಕೆ ಮುಟ್ಟಿದ್ರೆ ನನ್ನ ಹೆಣ ದಾಟ್ಕೊಂಡು ಮುಟ್ಟು."

ಊರಿಗೆಲ್ಲ ಅದೇ ಸಾಕ್ಷಿಯಾಯಿತು. ನೀರು ಚೆಲ್ಲುವುದನ್ನು ನನ್ನಿಂದ ಗುಟ್ಟಾಗಿ ಕೇಳಿ ತಿಳಿದುಕೊಂಡಿದ್ದ ಎರಡು ಮನೆಯವರೂ ಅಂದೇ ಬಿಟ್ಟರು. ಶಾಲೆಯ ದಾರಿಯಲ್ಲಿ ಹೆಂಗಸರು ನನ್ನನ್ನು ಕಂಡರೆ ಗಂಡುಮಕ್ಕಳ ಕಾಲಿಗೆ ಸೆರಗು ಮುಚ್ಚತೊಡಗಿದರು.

ಉಳಿದ ದಾರಿ ಒಂದೇ. ನಮ್ಮ ಮನೆಯವರ ಪಾಪನಿವೇದನೆ ಕೇಳುವ ಪಾದ್ರಿ ಅಬ್ಬಾ ಮೆಲಾಕು ಅವರನ್ನು ಕರೆತಂದೆ. ಅವರು ಅಣ್ಣನ ಹಣೆಗೆ ಶಿಲುಬೆ ಮುಟ್ಟಿಸಿ, ಮೂಗಿನಲ್ಲೇ ರಾಗ ಎಳೆದರು: "ಕಾಯಿಲೆಯವನಿಗೆ ಹಾಲು ಹಾಲಲ್ಲ ಮಗಾ, ಔಷಧಿ. ನಾನು ಅಪ್ಪಣೆ ಕೊಟ್ಟಿದೀನಿ. ಹಾಲು ಕುಡಿ, ಮೊಟ್ಟೆ ತಿನ್ನು. ಕಾಳು ಬಿಡು."

ನನ್ನ ಎದೆಯ ಕಲ್ಲು ಇಳಿದಂತಾಯಿತು.

"ನಂಗೇನು ಕಾಯಿಲೆ ಅಬ್ಬಾ?" ಎಂದ ಅಣ್ಣ. "ಆವಿ ಬಡಿದಿದೆ ಅಷ್ಟೆ. ಏಳು ವರ್ಷದ ಮಗು ಆಗಿದ್ದಾಗಿಂದ ಒಂದು ಉಪವಾಸ ಮುರಿದಿಲ್ಲ. ಕಾಲು ಸರಿ ಇಲ್ಲದಾಗ ದೇವರ ಜೊತೆ ಜಗಳ ಯಾಕೆ? ಫಾಸಿಕ ಹಬ್ಬ ಬರಲಿ, ಎಲ್ಲರ ಜೊತೆ ಕುಡೀತೀನಿ."

ಅಬ್ಬಾ ನನ್ನ ಮುಖ ನೋಡಿದರು. ಅಪ್ಪಣೆ ಕೊಡಬಹುದಿತ್ತು, ಒತ್ತಾಯ ಮಾಡುವ ಹಾಗಿರಲಿಲ್ಲ. ಅವರು ಎದ್ದು ಹೋದರು.

ಅತ್ತಿಗೆ ತಟ್ಟೆ ತಂದು ಇಟ್ಟಳು. ಗುವಾಯ ಮೊದಲಿಗಿಂತ ಗಟ್ಟಿಯಾಗಿತ್ತು.

"ತಿನ್ನು. ಬಲ ಬರುತ್ತೆ," ಎಂದು ತುತ್ತು ಕಟ್ಟಿದಳು.

ನಾನು ಅವಳ ಮಣಿಕಟ್ಟು ಹಿಡಿದೆ. ಅಣ್ಣ ನಿಧಾನವಾಗಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬಾಯಿ ತೆರೆದ.

ಫಾಸಿಕ ಹಬ್ಬಕ್ಕೆ ಇನ್ನೂ ಹದಿನೇಳು ದಿನ ಇತ್ತು.