ಏರಿಗೆ ಮುಖ ಮಾಡಿ ನಿಂತಾಗ

ನಾನು ಒಂದು ಡೀಸೆಲ್ ಕಾರು. ಕಾರ್ಖಾನೆಯಿಂದ ಹೊರಬಿದ್ದಾಗ ಅಚ್ಚ ಬಿಳಿಯ ಬಣ್ಣ, ತುಸು ಗಡಸು ದನಿ. ಹನ್ನೊಂದು ವರ್ಷ ಧಾರವಾಡದ ಜೋಶಿ ವಕೀಲರ ಮನೆಯಲ್ಲಿದ್ದೆ. ಕೊನೆಯ ವರ್ಷ ನನಗೊಂದು ಚಾಳಿ ಹತ್ತಿತು. ಯಾವಾಗಲೋ ಒಮ್ಮೆ, ಕೀಲಿ ತಿರುಗಿಸಿದರೆ ಬರೀ ಗರಗರ ಎನ್ನುತ್ತಿದ್ದೆ, ಚಾಲೂ ಆಗುತ್ತಿರಲಿಲ್ಲ. ವಕೀಲರು ಅದರ ಬಗ್ಗೆ ಬಾಯಿಬಿಡದೆ ನನ್ನನ್ನು ಮಾರಿಬಿಟ್ಟರು. ನನ್ನ ನಾಚಿಕೆಯ ದಿನಗಳು ಅಲ್ಲಿಂದ ಶುರುವಾದವು.

ಕೊಂಡವರು ಡ್ರೈವಿಂಗ್ ಸ್ಕೂಲ್ ನಡೆಸುವ ಫಕ್ಕೀರೇಶ ಮಾಸ್ತರರು. ಒಳ್ಳೆಯವರು, ಆದರೆ ತಾಳ್ಮೆ ಕಡಿಮೆ. ಅವರಲ್ಲಿಗೆ ಕಲಿಯಲು ಬಂದವಳು ಪಕ್ಕದ ಹಳ್ಳಿಯ ರೇಣವ್ವ. ವಯಸ್ಸು ಮೂವತ್ತೆಂಟು. ಪಂಚಾಯಿತಿಯ ಕಸದ ಗಾಡಿ ಓಡಿಸಲು ಹೆಣ್ಣುಮಕ್ಕಳ ಸಂಘದಿಂದ ಒಬ್ಬರನ್ನು ಕೇಳಿದ್ದರಂತೆ. ಸೈಕಲ್ಲನ್ನೂ ತುಳಿಯದ ಇವಳು ತಾನು ಕಲಿಯುತ್ತೇನೆಂದು ಎದ್ದು ನಿಂತಿದ್ದಳು. ಅರ್ಧ ಸಂಘ ನಕ್ಕಿತ್ತಂತೆ.

ಸಾಮಾನ್ಯವಾಗಿ ಬೆಳಗಿನ ಪಾಠ ಮುಗಿಸಿ ಮಾಸ್ತರರು ನನ್ನನ್ನು ಏರುದಾರಿಯ ಚಹಾದಂಗಡಿಯ ಮುಂದೆ ನಿಲ್ಲಿಸಿ ನಾಷ್ಟಾಕ್ಕೆ ಕೂರುತ್ತಿದ್ದರು. ಒಂದು ತಾಸಿನ ಮೇಲೆ ಬಸ್ಸಿಳಿದು ರೇಣವ್ವ ಬರುತ್ತಿದ್ದಳು. ಹಾಗಾಗಿ ಆ ವಿಶ್ರಾಂತಿಯ ಮೇಲಿನ ಮೊದಲ ಕೀಲಿ ಯಾವಾಗಲೂ ಅವಳ ಕೈಯದೇ. ಅವಳು ತಿರುಗಿಸುವಳು, ನಾನು ಗರಗರ ಎನ್ನುವೆನು. ಮಾಸ್ತರರು ಅವಳನ್ನು ಇಳಿಸಿ, ನನ್ನನ್ನು ಹಿಂದಕ್ಕೆ ಉರುಳಿಬಿಟ್ಟು, ಕೆಳಗಿನ ಸಪಾಟು ಜಾಗದಲ್ಲಿ ಮತ್ತೆ ಮತ್ತೆ ಕೀಲಿ ತಿರುಗಿಸುವರು. ನಾನು ಚಾಲೂ ಆಗುವೆನು. ತಮ್ಮ ಕೈಗೆ ಬಗ್ಗುವ ಗಾಡಿ ಅವಳ ಕೈಗೆ ಯಾಕೆ ಬಗ್ಗುವುದಿಲ್ಲವೆಂದು ಅವರು ಗದರುವರು. ಅವಳು ಮತ್ತೆ ಸೀಟಿಗೆ ಹತ್ತಿ, ತಲೆ ತಗ್ಗಿಸಿ, ಕ್ಲಚ್ಚಿನ ಮೇಲಿನ ತನ್ನ ಪಾದವನ್ನೇ ನೋಡುವಳು. ತಪ್ಪು ಆ ಪಾದದ್ದಲ್ಲವೆಂದು ಹೇಳಲು ನನಗೆ ಬಾಯಿ ಇರಲಿಲ್ಲ.

ಹಾಗೆಂದು ಮಾಸ್ತರರು ಸುಮ್ಮನಿದ್ದರೆಂದಲ್ಲ. ಮೆಕ್ಯಾನಿಕ್ ದಾವಲಸಾಬ ಬ್ಯಾಟರಿ ನೋಡಿದ, ಸ್ಟಾರ್ಟರ್ ಬಿಚ್ಚಿ ಜೋಡಿಸಿದ, ಹೀಟರ್ ಪ್ಲಗ್ ಬದಲಿಸಿದ. ಅವನ ಗ್ಯಾರೇಜಿನ ಸಪಾಟು ನೆಲದ ಮೇಲೆ ನಾನು ಅರ್ಧ ಸುತ್ತಿಗೇ ಚಾಲೂ ಆಗಿಬಿಡುತ್ತಿದ್ದೆ, ಗುರುಗಳ ಎದುರು ಮಾತ್ರ ಜಾಣನಾಗುವ ವಿದ್ಯಾರ್ಥಿಯ ಹಾಗೆ. ಗಾಡಿಯಲ್ಲಿ ದೋಷವಿಲ್ಲವೆಂದು ಅವನು ಕೈ ಒರೆಸಿಕೊಂಡ.

ಲೈಸೆನ್ಸ್ ಪರೀಕ್ಷೆಯ ದಿನ ಗಾಡಿಗಳ ಸಾಲು ಉದ್ದವಿತ್ತು. ನನ್ನನ್ನು ಏರಿನ ಮೇಲೆ ನಿಲ್ಲಿಸಿ ಒಂದು ತಾಸು ಕಾಯಿಸಿದರು. ರೇಣವ್ವನ ಸರದಿ ಬಂತು. ಮೂರು ಸಲ ಕೀಲಿ ತಿರುಗಿಸಿದಳು. ನಾನು ಮೂರು ಸಲವೂ ಗರಗರ ಎಂದೆ. ಇನ್ಸ್‌ಪೆಕ್ಟರು ಮುಂದಿನವರನ್ನು ಕರೆದರು. ಅವಳ ಸಂಘದ ಇಬ್ಬರು ನೋಡಲು ಬಂದಿದ್ದರು. ಅವರ ಎದುರಿಗೇ ಮಾಸ್ತರರು ಹೇಳಿದರು: “ತಂಗಿ, ಇದು ನಿನ್ನ ಕೈಲೆ ಆಗೂ ಮಾತಲ್ಲ. ಬಿಟ್ಟುಬಿಡು.”

ಅವಳು ಇಳಿದು ಹೋದಳು. ಆ ಹೊತ್ತು ನೆಲ ಬಾಯಿಬಿಟ್ಟಿದ್ದರೆ ಚಕ್ರ ಸಮೇತ ಇಳಿದುಬಿಡುತ್ತಿದ್ದೆ.

ಮೂರು ದಿನದ ಮೇಲೆ ರೇಣವ್ವ ನೇರ ಗ್ಯಾರೇಜಿಗೆ ಬಂದಳು. ಆಯಿಲ್ ಬದಲಿಸಲು ನಾನೂ ಅಲ್ಲೇ ಇದ್ದೆ, ಮಾಸ್ತರರೂ ಇದ್ದರು. ಅವಳು ದಾವಲಸಾಬನಿಗೆ ಹೇಳಿದಳು: “ಅಣ್ಣಾರ, ಎಂಟ ದಿನ ಇದು ಚಾಲೂ ಆಗಲಿಲ್ಲ. ಎಂಟೂ ದಿನ ಮಾರಿ ಏರಿಗೆ ಮಾಡಿ ನಿಂತಿತ್ತು. ಅಂಗಡಿ ಮುಂದ ಜಾಗಾ ಸಿಗದ ಕೆಳಗ ನಿಲ್ಲಿಸಿದ ದಿನ ಒಮ್ಮೆನೂ ಹಟಾ ಮಾಡಿಲ್ಲ. ಇಲ್ಲಿ ಸಪಾಟದಾಗ ನೋಡಿದ್ರ ನಿಮಗ ಹೆಂಗ ಗೊತ್ತಾಗಬೇಕ್ರೀ?”

ಮಾಸ್ತರರು ಏನೋ ಅನ್ನಹೋದರು. ದಾವಲಸಾಬ ಕೈಯೆತ್ತಿ ತಡೆದ. ನನ್ನನ್ನು ಏರಿಗೆ ಒಯ್ದು, ಡೀಸೆಲ್ ಹರಿಯುವ ದಾರಿಯಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ಜೋಡಿಸಿ, ಎದುರಿಗೆ ಕುಕ್ಕರಗಾಲಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಅದರಲ್ಲಿ ಗುಳ್ಳೆಗಳು ಕಾಣಿಸಿದವು. ಡೀಸೆಲ್ ಮೆಲ್ಲಗೆ ಇಳಿಜಾರಿನ ಕಡೆಗೆ, ನನ್ನ ಹಿಂಬದಿಯ ಟ್ಯಾಂಕಿನತ್ತ ಜಾರಿಹೋಗುತ್ತಿತ್ತು. ಫಿಲ್ಟರಿನ ಬಳಿಯ ರಬ್ಬರ್ ಪೈಪಿನಲ್ಲಿ ಕೂದಲೆಳೆಯಷ್ಟು ಸೀಳು. ಅಲ್ಲಿಂದ ಗಾಳಿ ಒಳಗೆ ನುಗ್ಗುತ್ತಿತ್ತು. ಒಂದು ತುಂಡು ರಬ್ಬರಿಗಾಗಿ ಒಂದು ಹೆಂಗಸಿನ ಮಾನ ಹೋಗಿತ್ತು.

ದಾವಲಸಾಬ ಹೊಸ ಪೈಪ್ ಹಾಕಿದ; ಸೀಳಿದ ಪೈಪನ್ನು ಮಾಸ್ತರರು ಜೇಬಿಗೆ ಹಾಕಿಕೊಂಡರು. ಮರುದಿನ ರೇಣವ್ವನ ಕೈಗೇ ಕೀಲಿ ಕೊಟ್ಟು, ತಾವು ಪಕ್ಕದಲ್ಲಿ ಕೂತು, ಅವಳ ಸಂಘದ ಸಭೆಗೆ ಬಂದರು. ನಾನು ಕಿಟಕಿಯ ಹೊರಗಿದ್ದೆ. “ತಪ್ಪು ಗಾಡೀದು. ಅದನ್ನ ನೋಡದ ಈಕಿಗೆ ಅಂದದ್ದು ನಂದು. ನಿಮ್ಮೆಲ್ಲರ ಮುಂದ ಒಪ್ಕೋತೀನಿ,” ಎಂದರು. ಒಳಗೆ ಯಾರೂ ನಗಲಿಲ್ಲ.

ಮುಂದಿನ ತಿಂಗಳು ಅವಳು ಪರೀಕ್ಷೆ ಪಾಸಾದಳು. ಅಷ್ಟರಲ್ಲಿ ಕಸದ ಗಾಡಿಯ ಕೆಲಸ ಬೇರೆ ಸಂಘದವಳಿಗೆ ಹೋಗಿತ್ತು. ರೇಣವ್ವ ಮತ್ತೊಂದು ವರ್ಷ ಕಾಯಬೇಕಾಯಿತು. ಆ ವರ್ಷವನ್ನು ಅವಳಿಗೆ ಯಾರೂ ಮರಳಿ ಕೊಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಸ್ಕೂಲಿನ ಹಿತ್ತಲಲ್ಲಿ ಇಟ್ಟಿಗೆಗಳ ಮೇಲೆ ನಿಂತಿದ್ದೇನೆ. ಮೊನ್ನೆ ರೇಣವ್ವ ಬಂದಿದ್ದಳು, ಸೀರೆಯ ಮೇಲೆ ಕಸದ ಗಾಡಿಯವರ ಖಾಕಿ ಅಂಗಿ ತೊಟ್ಟು. ಮಾಸ್ತರರು ನನ್ನನ್ನು ತೋರಿಸಿ, ಇದೇ ಅಲ್ಲವೇ ನಿನ್ನನ್ನು ಅಳಿಸಿದ್ದು ಎಂದರು. ಅವಳು ನನ್ನ ಬಾನೆಟ್ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

“ಪಾಪ, ಅದಕ್ಕೇನ ಗೊತ್ತಿತ್ತರೀ,” ಎಂದಳು.

ನನಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು.